ಎಡವೋ ಬಲವೋ ಅಂತ ಕೇಳುವ ಮೊದಲು: ಅಮೆರಿಕದ ರಾಜಕೀಯ ಹಿಂಸೆ ಮತ್ತು ಮೊದಲೇ ಗೊತ್ತಿದ್ದವರು

ನೇತ್ರಾವತಿ, ಒಕ್ಲಹೋಮಾ

2025ರ ಜೂನ್ 14ರ ಬೆಳಗಿನ ಜಾವ ಮಿನೆಸೋಟಾದಲ್ಲಿ ಪೊಲೀಸ್ ವೇಷ ಹಾಕಿಕೊಂಡು ಬಂದವನೊಬ್ಬ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಅವರ ಮನೆಯಲ್ಲೇ ಕೊಂದ. ಮೂರು ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 10ರಂದು, ಯೂಟಾ ವ್ಯಾಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಕೊಡ್ತಿದ್ದ ಚಾರ್ಲಿ ಕರ್ಕ್ ಗುಂಡೇಟಿಗೆ ಬಲಿಯಾದರು. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ಬಲಪಂಥದಲ್ಲಿ ದೊಡ್ಡ ಹೆಸರು. ಎರಡೂ ಸಲ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಸತ್ತವರ ಹೆಸರು ಸರಿಯಾಗಿ ಓದುವ ಮೊದಲೇ ಜಗಳ ಹತ್ತಿಕೊಂಡಿತು: ಕೊಂದವನು ಯಾವ ಕಡೆಯವನು? ನನಗೆ ಅದನ್ನು ನೋಡಿ ತುಂಬಾ ಸಂಕಟವಾಯಿತು.

ನಾನು ಬೇರೆ ಪ್ರಶ್ನೆ ಇಡ್ತೀನಿ. ಇವನು ಹೀಗಾಗ್ತಿದ್ದಾನೆ ಅಂತ ಅಕ್ಕಪಕ್ಕದ ಯಾರಿಗೆ ಮೊದಲೇ ಗೊತ್ತಿತ್ತು? ಗೊತ್ತಾದವರು ಏನು ಮಾಡಿದರು?

ನಾನಿರೋ ಊರಿನದೇ ತಗೊಳ್ಳಿ. 1995ರ ಏಪ್ರಿಲ್ 19, ಬುಧವಾರ, ಬೆಳಿಗ್ಗೆ 9 ಗಂಟೆ 2 ನಿಮಿಷ. ಒಕ್ಲಹೋಮಾ ಸಿಟಿಯ ಮರ್ರಾ ಫೆಡರಲ್ (ಕೇಂದ್ರ ಸರಕಾರದ) ಕಟ್ಟಡದ ಮುಂದೆ ನಿಲ್ಲಿಸಿದ್ದ ಬಾಡಿಗೆ ಟ್ರಕ್ ಸ್ಫೋಟವಾಯಿತು. 168 ಜನ ಸತ್ತರು. ಅವರಲ್ಲಿ 19 ಮಕ್ಕಳು, ಯಾಕಂದ್ರೆ ಎರಡನೇ ಮಹಡಿಯಲ್ಲಿ ಕೂಸುಗಳನ್ನು ಬಿಟ್ಟು ಕೆಲಸಕ್ಕೆ ಹೋಗುವ ಡೇಕೇರ್ ಇತ್ತು. ಈಗ ಆ ಜಾಗದಲ್ಲಿ ಸ್ಮಾರಕ ಇದೆ. ಎರಡು ತುದಿಗೆ ಎರಡು ದೊಡ್ಡ ದ್ವಾರ, ಒಂದರ ಮೇಲೆ 9:01 ಅಂತ, ಇನ್ನೊಂದರ ಮೇಲೆ 9:03 ಅಂತ ಕೆತ್ತಿದ್ದಾರೆ. ನಡುವೆ ಹುಲ್ಲಿನ ಮೇಲೆ 168 ಖಾಲಿ ಕುರ್ಚಿ, ಒಂಬತ್ತು ಸಾಲಿನಲ್ಲಿ. ಯಾರು ಯಾವ ಮಹಡಿಯಲ್ಲಿದ್ದರೋ ಅವರ ಕುರ್ಚಿ ಆ ಸಾಲಿನಲ್ಲಿ. 19 ಕುರ್ಚಿಗಳು ಚಿಕ್ಕವು. ಎರಡನೇ ಸಾಲಿನ ಮುಂದೆ ನಿಂತರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆವತ್ತು ಮೊದಲ ಕೆಲವು ಗಂಟೆ ಟೀವಿಯವರೆಲ್ಲ ಮಧ್ಯಪ್ರಾಚ್ಯದ ಕಡೆ ಬೊಟ್ಟು ಮಾಡಿದರು. ಇಲ್ಲೇ ನೆಲೆಸಿದ್ದ ಜೋರ್ಡಾನ್ ಮೂಲದ ಒಬ್ಬರನ್ನು ಲಂಡನ್‌ನಿಂದ ವಾಪಸ್ ಕಳಿಸಿ ವಿಚಾರಣೆ ಮಾಡಿದರು. ಅಸಲಿ ಅಪರಾಧಿ ತಿಮೊಥಿ ಮೆಕ್‌ವೇ ಆ ಹೊತ್ತಿಗಾಗಲೇ ಪೊಲೀಸರ ವಶದಲ್ಲಿದ್ದ. ಸ್ಫೋಟವಾಗಿ ಒಂದೂವರೆ ಗಂಟೆಯೊಳಗೆ, ಕಾರಿಗೆ ನಂಬರ್ ಪ್ಲೇಟ್ ಇಲ್ಲ ಅಂತ ಹೆದ್ದಾರಿ ಪೊಲೀಸ್ ಒಬ್ಬರು ಅವನನ್ನು ತಡೆದಿದ್ದರು. ಅಮೆರಿಕದವನೇ, ಗಲ್ಫ್ ಯುದ್ಧದಲ್ಲಿ ಪದಕ ಪಡೆದ ಸೈನಿಕ.

ನನಗೆ ಇವತ್ತಿಗೂ ತಡೆಯಲಾಗದ್ದು ಇದು. ಅವನ ಸೈನ್ಯದ ಗೆಳೆಯ ಮೈಕಲ್ ಫೋರ್ಟಿಯರ್‌ಗೆ ಎಲ್ಲಾ ಗೊತ್ತಿತ್ತು. ಮೆಕ್‌ವೇ ತಾನೇ ಹೇಳಿದ್ದ. ಇಬ್ಬರೂ ಒಟ್ಟಿಗೆ ಬಂದು ಆ ಕಟ್ಟಡವನ್ನು ನೋಡಿಕೊಂಡು ಹೋಗಿದ್ದರು. ಒಂದು ಫೋನ್ ಮಾಡಲಿಲ್ಲ. ಮೊದಲೇ ತಿಳಿಸದೆ ಹೋದದ್ದೂ ಸೇರಿ ಅವನಿಗೆ 12 ವರ್ಷ ಶಿಕ್ಷೆಯಾಯಿತು.

ಹೊಸಪೇಟೆ ಮಂಜು

ಮೇಡಂ, ನಿಮ್ಮ ಪ್ರಶ್ನೆ ಒಪ್ಪಿದೆ. ಆದರೆ ಇಂಥ ಚರ್ಚೆಗಳಲ್ಲಿ ಯಾವಾಗಲೂ ಬಲಪಂಥದ ಉದಾಹರಣೆಗಳೇ ಮೊದಲು ಬರ್ತವೆ. 2017ರ ಜೂನ್ 14ರಂದು ಅಲೆಕ್ಸಾಂಡ್ರಿಯಾದಲ್ಲಿ ರಿಪಬ್ಲಿಕನ್ ಸಂಸದರು ಬೇಸ್‌ಬಾಲ್ ಅಭ್ಯಾಸ ಮಾಡುವಾಗ ಗುಂಡು ಹಾರಿಸಿದವನು ಎಡಪಂಥದವನು. ಅವರಲ್ಲೊಬ್ಬರಾದ ಸ್ಟೀವ್ ಸ್ಕಲೀಸ್ ಸಾವಿನ ಬಾಯಿಯಿಂದ ವಾಪಸ್ ಬಂದರು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆರೋಗ್ಯ ವಿಮೆ ಕಂಪನಿಯ ಮುಖ್ಯಸ್ಥನನ್ನು ಬೀದಿಯಲ್ಲಿ ಕೊಂದಾಗ ಎಷ್ಟು ಜನ ಆನ್‌ಲೈನ್‌ನಲ್ಲಿ ಚಪ್ಪಾಳೆ ತಟ್ಟಿದರು ನೋಡಿದ್ದೀವಿ. ಅದನ್ನೂ ಇಲ್ಲಿ ಬರೆಯಬೇಕು.

ಕೋಲಾರದ ಮೇಷ್ಟ್ರು

ಮಂಜು ಅವರೇ, ಖಂಡಿತ ಬರೆಯಬೇಕು. ನಾನು ಇನ್ನೂ ಹಿಂದಕ್ಕೆ ಹೋಗ್ತೀನಿ. ಇಡೀ ಸೇವಾವಧಿಯಲ್ಲಿ ಇತಿಹಾಸ ಪಾಠ ಮಾಡಿದವನು ನಾನು, 1970ರ ಸುತ್ತಮುತ್ತಲ ಅಮೆರಿಕ ಇವತ್ತಿನ ಹುಡುಗರಿಗೆ ಗೊತ್ತೇ ಇಲ್ಲ ಅನ್ನೋದು ನನ್ನ ಬೇಸರ. ವಿಯೆಟ್ನಾಂ ಯುದ್ಧ ವಿರೋಧಿಸಿ ವೆದರ್ ಅಂಡರ್‌ಗ್ರೌಂಡ್ ಅನ್ನೋ ಎಡಪಂಥೀಯ ಗುಂಪು 1971ರ ಮಾರ್ಚ್ 1ರಂದು ಸಂಸತ್ ಭವನದೊಳಗೇ ಬಾಂಬ್ ಇಟ್ಟಿತ್ತು. ಅದಕ್ಕೂ ಮೊದಲು, 1970ರ ಆಗಸ್ಟ್ 24ರ ನಸುಕಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟರ್ಲಿಂಗ್ ಹಾಲ್ ಮುಂದೆ ಬೇರೆ ನಾಲ್ವರು ಯುವಕರು ಒಂದು ವ್ಯಾನ್ ತುಂಬ ಸ್ಫೋಟಕ ನಿಲ್ಲಿಸಿದರು. ಸೈನ್ಯಕ್ಕೆ ಕೆಲಸ ಮಾಡ್ತಿದ್ದ ಗಣಿತ ಸಂಶೋಧನಾ ಕೇಂದ್ರ ಅವರ ಗುರಿ. ಸತ್ತದ್ದು ಅದೇ ಕಟ್ಟಡದಲ್ಲಿ ರಾತ್ರಿ ಪ್ರಯೋಗದಲ್ಲಿದ್ದ 33 ವರ್ಷದ ಭೌತವಿಜ್ಞಾನಿ. ಆ ಕೇಂದ್ರಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಮೂರು ಮಕ್ಕಳ ತಂದೆ.

ವಾಹನದಲ್ಲಿ ಗೊಬ್ಬರದಿಂದ ಮಾಡಿದ ಬಾಂಬ್ ತುಂಬಿ ಕಟ್ಟಡದ ಮುಂದೆ ನಿಲ್ಲಿಸುವ ಮೆಕ್‌ವೇಯ ಕ್ರಮ, ನೋಡಿ, 25 ವರ್ಷ ಮೊದಲೇ ಎದುರು ಪಂಥದವರು ಮಾಡಿ ಆಗಿತ್ತು.

ಲೆಕ್ಕ ಕೇಳಿದರೆ ಅದನ್ನೂ ನೇರವಾಗಿ ಹೇಳಬೇಕು. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಪಕ್ಕಕ್ಕಿಟ್ಟರೆ, ಕಳೆದ ಮೂರು ದಶಕಗಳಲ್ಲಿ ಇಂಥ ಹಿಂಸೆಯಿಂದ ಆದ ಸಾವುಗಳಲ್ಲಿ ಬಲಪಂಥೀಯ, ಅದರಲ್ಲೂ ಬಿಳಿಯರ ಮೇಲರಿಮೆಯವರ ಪಾಲು ಹೆಚ್ಚು. ಚಾರ್ಲ್ಸ್‌ಟನ್ ಚರ್ಚಿನಲ್ಲಿ 2015ರಲ್ಲಿ 9 ಜನ, ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 2018ರಲ್ಲಿ 11, ಎಲ್ ಪಾಸೋದ ಅಂಗಡಿಯಲ್ಲಿ 2019ರಲ್ಲಿ 23, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ 2022ರಲ್ಲಿ 10. ಇದು ಹಾಗೇ ಇರೋ ಸತ್ಯ. ಇದನ್ನು ಒಪ್ಪಿಕೊಂಡರೆ ಸ್ಟರ್ಲಿಂಗ್ ಹಾಲ್ ಸಣ್ಣದಾಗಲ್ಲ, ಸ್ಟರ್ಲಿಂಗ್ ಹಾಲ್ ಹೇಳಿದರೆ ಬಫಲೋ ಅಳಿಸಿ ಹೋಗಲ್ಲ.

ಮೆಕ್‌ವೇ ಏಪ್ರಿಲ್ 19ನ್ನೇ ಆರಿಸಿಕೊಂಡದ್ದಕ್ಕೂ ಕಾರಣ ಇತ್ತು. ಎರಡು ವರ್ಷ ಮೊದಲು ಅದೇ ದಿನ ಟೆಕ್ಸಾಸ್‌ನ ವೇಕೋದಲ್ಲಿ ಬ್ರಾಂಚ್ ಡೇವಿಡಿಯನ್ ಅನ್ನೋ ಧಾರ್ಮಿಕ ಪಂಥದವರ ನೆಲೆಗೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಕೇಂದ್ರ ಸರಕಾರದ ಪಡೆಗಳು 51 ದಿನ ಮುತ್ತಿಗೆ ಹಾಕಿದ್ದವು. ಮುತ್ತಿಗೆ ನಡೆಯುವಾಗ ಮೆಕ್‌ವೇ ಅಲ್ಲಿಗೇ ಹೋಗಿ ಸರಕಾರದ ವಿರುದ್ಧ ಕಾರಿಗೆ ಅಂಟಿಸುವ ಸ್ಟಿಕರ್ ಮಾರುತ್ತಿದ್ದ. ಸರಕಾರ ವೇಕೋದಲ್ಲಿ ತಪ್ಪು ಮಾಡಿತು ಅಂತ ಬಹಳ ಜನ ಯೋಗ್ಯರೂ ಹೇಳ್ತಾರೆ. ಆ ಸಿಟ್ಟನ್ನು ಹೊತ್ತು ಒಕ್ಲಹೋಮಾದ ಕೂಸುಗಳ ತನಕ ನಡೆದು ಬಂದ ದಾರಿ ಇದೆಯಲ್ಲ, ಅದು ಅವನದು.

ಶರಾವತಿ, ಮಿಲ್ವಾಕಿ

ಮೇಷ್ಟ್ರೇ, ನೀವು ಕೊಟ್ಟ ಪಟ್ಟಿಯಲ್ಲಿ ಓಕ್ ಕ್ರೀಕ್ ಗುರುದ್ವಾರದ ದಾಳಿ ಬಿಟ್ಟು ಹೋಗಿದೆ. ನಮ್ಮ ಮನೆಯಿಂದ ಸ್ವಲ್ಪವೇ ದೂರ. ಭಾರತದವರಿಗೆ ಇದು ಮರೆತೇ ಹೋಗಿದೆ ಅನ್ನಿಸುತ್ತೆ, ಅದಕ್ಕೇ ಉದ್ದ ಬರೀತೀನಿ.

2012ರ ಆಗಸ್ಟ್ 5, ಭಾನುವಾರ. ಗುರುದ್ವಾರದ ಅಡುಗೆಮನೆಯಲ್ಲಿ ಹೆಂಗಸರು ಲಂಗರ್‌ಗೆ, ಅಂದ್ರೆ ಎಲ್ಲರಿಗೂ ಬಡಿಸುವ ಊಟಕ್ಕೆ, ತಯಾರಿ ಮಾಡ್ತಿದ್ದರು. ಮಾಜಿ ಸೈನಿಕನೊಬ್ಬ ಬಂದು ಗುಂಡು ಹಾರಿಸೋಕೆ ಶುರು ಮಾಡಿದ. ಜನಾಂಗ ದ್ವೇಷದ ಹಾಡು ಹಾಡುವ ಬ್ಯಾಂಡ್‌ಗಳಲ್ಲಿ ವರ್ಷಗಟ್ಟಲೆ ಬಹಿರಂಗವಾಗಿ ಇದ್ದವನು. ಹಲವು ಹೆಂಗಸರು ಮಕ್ಕಳು ದಿನಸಿ ಇಡುವ ಪುಟ್ಟ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಬದುಕಿದರು. ಆರು ಜನ ಅವತ್ತು ಸತ್ತರು. ಏಳನೆಯವರು, ಒಬ್ಬ ಗ್ರಂಥಿ (ಗುರುದ್ವಾರದ ಧರ್ಮಗುರು), ಪಾರ್ಶ್ವವಾಯುವಿನಲ್ಲಿ ಮಲಗಿದ್ದು 2020ರಲ್ಲಿ ತೀರಿಕೊಂಡರು. ಮೊದಲು ಬಂದ ಪೊಲೀಸ್ ಅಧಿಕಾರಿ ಬ್ರಯಾನ್ ಮರ್ಫಿ ಅವರಿಗೆ 15 ಗುಂಡು ತಗುಲಿತ್ತು. ಸಹಾಯಕ್ಕೆ ಬಂದ ಸಹೋದ್ಯೋಗಿಗಳಿಗೆ ನನ್ನನ್ನು ಬಿಡಿ, ಒಳಗಿರೋರನ್ನು ನೋಡಿ ಅಂತ ಕೈಸನ್ನೆ ಮಾಡಿದರಂತೆ.

ಪ್ರಾರ್ಥನಾ ಸಭಾಂಗಣಕ್ಕೆ ಹೋಗುವ ಬಾಗಿಲ ಚೌಕಟ್ಟಿನಲ್ಲಿ ಒಂದು ಗುಂಡಿನ ತೂತನ್ನು ಮುಚ್ಚದೆ ಹಾಗೇ ಉಳಿಸಿದ್ದಾರೆ. ಕೆಳಗೆ ಪುಟ್ಟ ಫಲಕ, ನಾವೆಲ್ಲ ಒಂದೇ ಅನ್ನೋ ಅರ್ಥದ ಮಾತು ಮತ್ತು ಆವತ್ತಿನ ತಾರೀಕು. ತೂತು ಬೆರಳು ಹಿಡಿಸುವಷ್ಟೂ ಇಲ್ಲ.

ತಾಯಿಯನ್ನು ಕಳಕೊಂಡ 18 ವರ್ಷದ ಹುಡುಗ ಮುಂದಿನ ತಿಂಗಳೇ ಸೆನೆಟ್ ಸಮಿತಿ ಮುಂದೆ ಹೋಗಿ, ನಮ್ಮ ವಿರುದ್ಧ ನಡೆಯುವ ಅಪರಾಧಗಳನ್ನು ಕನಿಷ್ಠ ಲೆಕ್ಕಕ್ಕಾದರೂ ತಗೊಳ್ಳಿ ಅಂತ ಕೇಳಿದ. ಆಗ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದ್ವೇಷದ ಅಪರಾಧಗಳನ್ನು ಲೆಕ್ಕ ಹಾಕುವ ನಮೂನೆಯಲ್ಲಿ ಸಿಖ್ಖರಿಗಾಗಲಿ ಹಿಂದೂಗಳಿಗಾಗಲಿ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. 2015ರಿಂದ ಇದೆ.

2017ರ ಫೆಬ್ರವರಿ 22ರಂದು ಕನ್ಸಾಸ್‌ನ ಒಲೇಥಾದಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಒಬ್ಬರನ್ನು ನನ್ನ ದೇಶ ಬಿಟ್ಟು ತೊಲಗು ಅಂತ ಕೂಗಿ ಕೊಂದದ್ದು ನಿಮಗೆಲ್ಲ ನೆನಪಿರುತ್ತೆ. ಕೊಂದವನು ಅವರನ್ನು ಇರಾನಿನವರು ಅಂದುಕೊಂಡಿದ್ದ. ಸಾಫ್ಟ್‌ವೇರ್‌ನವರು ನಾವು, ನಮಗೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ ನಾನು ಈ ಎರಡು ಊರಿನ ಹೆಸರು ಹೇಳ್ತೀನಿ.

ಧಾರವಾಡದ ಬಸು

ಅಲ್ರೀ ಅಕ್ಕಾರ, ಒಂದ್ ಮಾತ್ ನನಗ ತಿಳೀವಲ್ದು. ಆ ಮನಷ್ಯಾ ವರ್ಷಗಟ್ಲೆ ದ್ವೇಷದ ಹಾಡು ಹಾಡಿಕೋತ ತಿರಗ್ಯಾನ, ಎಲ್ಲಾರಿಗೂ ಗೊತ್ತೈತಿ. ಅಂಥಾ ಗುಂಪುಗಳನ್ನ ಸರಕಾರ ಬ್ಯಾನ್ ಯಾಕ ಮಾಡಂಗಿಲ್ಲ? ನಮ್ಮಲ್ಲಾದ್ರ ಯುಎಪಿಎ ಹಾಕಿ ಒಳಗ ಹಾಕ್ತಿದ್ರು.

ವಕೀಲ ರಾಘು

ಬಸು ಅವರೇ, ಅಮೆರಿಕದಲ್ಲಿ ಅದು ಆಗಲ್ಲ, ಕಾರಣ ಎರಡು. ಸುಪ್ರೀಂ ಕೋರ್ಟಿನ 1969ರ ಬ್ರಾಂಡನ್‌ಬರ್ಗ್ ತೀರ್ಪು ಬಂದದ್ದು ಒಹಾಯೋದ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಮೇಲರಿಮೆಯ ಗುಂಪಿನ ಮುಖಂಡನ ಭಾಷಣದ ಮೇಲೆ. ಹಿಂಸೆಯೇ ದಾರಿ ಅಂತ ಸಿದ್ಧಾಂತವಾಗಿ ಬೋಧಿಸಿದರೆ ಅಪರಾಧವಲ್ಲ. ಈಗಿಂದೀಗಲೇ ಕಾನೂನು ಮುರಿಯಲು ಜನರನ್ನು ಎಬ್ಬಿಸುವ ಉದ್ದೇಶ ಇರಬೇಕು, ಹಾಗಾಗುವ ಸಂಭವವೂ ನಿಜವಾಗಿ ಇರಬೇಕು, ಆಗ ಮಾತ್ರ ಶಿಕ್ಷೆ. ದ್ವೇಷದ ಹಾಡು ಈ ಅಳತೆಗೆ ಬರೋದೇ ಇಲ್ಲ.

ಎರಡನೆಯದು, ವಿದೇಶಿ ಉಗ್ರ ಸಂಘಟನೆಗಳ ಅಧಿಕೃತ ಪಟ್ಟಿ ಇದೆ, ಅವಕ್ಕೆ ದುಡ್ಡು ಕೊಟ್ಟರೂ ಜೈಲು. ದೇಶದೊಳಗಿನ ಗುಂಪುಗಳಿಗೆ ಅಂಥ ವ್ಯವಸ್ಥೆ ಕಾನೂನಿನಲ್ಲಿಲ್ಲ. ದೇಶೀಯ ಭಯೋತ್ಪಾದನೆ ಅಂದರೇನು ಅಂತ 2001ರಲ್ಲಿ ವ್ಯಾಖ್ಯಾನ ಬರೆದರು, ಅದನ್ನೇ ಒಂದು ಪ್ರತ್ಯೇಕ ಅಪರಾಧವಾಗಿ ಮಾಡಿ ಶಿಕ್ಷೆ ಬರೆಯಲಿಲ್ಲ. ಮೆಕ್‌ವೇ ಮೇಲೂ ಹಾಕಿದ್ದು ಸಾಮೂಹಿಕ ನಾಶದ ಅಸ್ತ್ರ ಬಳಸಿದ ಆರೋಪ, ಜೊತೆಗೆ ಎಂಟು ಫೆಡರಲ್ ಅಧಿಕಾರಿಗಳ ಕೊಲೆ. 2001ರ ಜೂನ್ 11ರಂದು ಮರಣದಂಡನೆ ಆಯಿತು.

ಹೊಸ ಕಾನೂನು ತನ್ನಿ ಅನ್ನೋರು ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಇದೇ ಎಫ್‌ಬಿಐ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋಟೆಲ್ ಕೋಣೆಗಳಲ್ಲಿ ಕದ್ದಾಲಿಸುವ ಯಂತ್ರ ಇಟ್ಟಿತ್ತು. ಯಾರು ಉಗ್ರರು ಅಂತ ತೀರ್ಮಾನಿಸುವ ಅಧಿಕಾರ ಪ್ರತಿ ನಾಲ್ಕು ವರ್ಷಕ್ಕೆ ಯಾರ ಕೈಗೆ ಹೋಗುತ್ತೋ ಹೇಳೋಕಾಗಲ್ಲ.

ಧಾರವಾಡದ ಬಸು

ಅಂದ್ರ ಕೈ ಮಾಡೋತನಕ ಪೊಲೀಸ್ರು ಸುಮ್ನ ಕುಂದರಬೇಕು ಅಂದಂಗಾತು. ಹಂಗಾದ್ರ ನೇತ್ರಾವತಿ ಅಕ್ಕಾರು ಕೇಳಿದ ಪ್ರಶ್ನೆನ ಖರೇ ಪ್ರಶ್ನೆ. ಮನಿ ಮಂದಿ, ದೋಸ್ತರು, ಅವರಿಗೇ ಮೊದಲು ತಿಳೀತೈತಿ.

ವಿಜಯಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಸಾಮಾನ್ಯವಾಗಿ ಓದುತ್ತೀನಿ ಅಷ್ಟೇ. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿ ಎಂಎಸ್ ಮಾಡ್ತಿದ್ದಾನೆ. ಅವನ ರೂಮ್‌ಮೇಟ್, ಅಲ್ಲಿಯವನೇ, ಈಚೆಗೆ ರಾತ್ರಿಯೆಲ್ಲ ಯಾವುದೋ ಆನ್‌ಲೈನ್ ಗುಂಪಿನಲ್ಲಿ ಇರ್ತಾನಂತೆ. ವಲಸೆ ಬಂದವರು ನಮ್ಮ ಜಾಗ ಕಿತ್ಕೊಳ್ತಿದ್ದಾರೆ ಅಂತ ಒಂದೇ ಸಮ ಹೇಳ್ತಾನಂತೆ. ಇವನ ಜೊತೆ ಮಾತ್ರ ಚೆನ್ನಾಗೇ ಇದ್ದಾನೆ, ಒಟ್ಟಿಗೆ ಊಟ ಮಾಡ್ತಾರೆ. ಹೋದ ವಾರ ಬಂದೂಕು ತಗೊಳ್ಳೋ ವಿಚಾರ ಎತ್ತಿದ್ದಾನೆ. ನಮ್ಮ ಹುಡುಗ ಹೆದರಿದ್ದಾನೆ, ಆದರೆ ದೂರು ಕೊಟ್ಟು ಅವನ ಬಾಳು ಹಾಳಾದರೆ ಅಂತಲೂ ಯೋಚಿಸ್ತಾನೆ. ತನ್ನ ವೀಸಾಗೆ ಏನಾದರೂ ಆದರೆ ಅನ್ನೋ ಭಯ ಬೇರೆ. ಏನು ಹೇಳಲಿ ಅವನಿಗೆ?

ನೇತ್ರಾವತಿ, ಒಕ್ಲಹೋಮಾ

ವಿಜಯಾ ಅವರೇ, ಮೊದಲು ಅವನು ಆ ಮನೆಯಿಂದ ಕೆಲವು ದಿನ ಸ್ನೇಹಿತರ ಹತ್ತಿರ ಹೋಗಲಿ. ಎರಡನೆಯದು, ಇಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಇಂಥದ್ದನ್ನೇ ನೋಡಿಕೊಳ್ಳುವ ಒಂದು ತಂಡ ಇರುತ್ತೆ. ವಿದ್ಯಾರ್ಥಿ ಕ್ಷೇಮ ವಿಭಾಗದವರು, ಆಪ್ತ ಸಮಾಲೋಚಕರು, ಕ್ಯಾಂಪಸ್ ಪೊಲೀಸ್ ಒಟ್ಟಿಗೆ ಕೂತು ನೋಡ್ತಾರೆ. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನರ ಕೊಲೆಯಾದ ಮೇಲೆ ಇವು ಹೆಚ್ಚಾದವು. ಅಲ್ಲಿ ಹೇಳಿದರೆ ನೇರ ಬೇಡಿ ಬೀಳಲ್ಲ, ಮೊದಲು ಆ ಹುಡುಗನ ಜೊತೆ ಮಾತಾಡ್ತಾರೆ. ಸಾಮಾನ್ಯವಾಗಿ ಹೆಸರು ಹೇಳದೆಯೂ ತಿಳಿಸಬಹುದು. ಇಂಥವರ ಮೇಲೆ, ಇಂಥ ದಿನ ಅಂತ ಬೆದರಿಕೆ ಬಾಯಿಗೆ ಬಂದರೆ ಮಾತ್ರ ಯೋಚನೆ ಮಾಡದೆ ತುರ್ತು ನಂಬರ್ 911.

ಬಂದೂಕಿನ ಮಾತು ಬಂತಲ್ಲ, ಅದಕ್ಕೆ ಎಲ್ ಪಾಸೋ ಹೇಳಲೇಬೇಕು. 2019ರ ಆಗಸ್ಟ್ 3ರಂದು 21 ವರ್ಷದವನೊಬ್ಬ ಡಲ್ಲಾಸ್ ಹತ್ತಿರದ ಊರಿನಿಂದ ಹತ್ತು ಗಂಟೆ ಕಾರು ಓಡಿಸಿ ಹೋಗಿ ಗಡಿಯ ಊರಿನ ವಾಲ್‌ಮಾರ್ಟ್‌ನಲ್ಲಿ ಹಿಸ್ಪಾನಿಕ್ ಜನರನ್ನು ಗುರಿಯಾಗಿಟ್ಟು ಕೊಂದ. ಅವನು ಬರೆದಿಟ್ಟಿದ್ದರಲ್ಲೂ ಆ ರೂಮ್‌ಮೇಟ್ ಹೇಳ್ತಿರೋ ಮಾತೇ ಇತ್ತು. ವಾರಗಳ ಮೊದಲೇ ಅವನ ತಾಯಿ ಊರಿನ ಪೊಲೀಸರಿಗೆ ಫೋನ್ ಮಾಡಿದ್ದರು. ಮಗ ರೈಫಲ್ ಇಟ್ಟುಕೊಂಡಿದ್ದಾನೆ, ಅವನ ವಯಸ್ಸು, ಪ್ರಬುದ್ಧತೆ ನೋಡಿದರೆ ನನಗೆ ಚಿಂತೆ ಅಂತ. ಕಾನೂನಿನ ಪ್ರಕಾರ ಅವನು ಇಟ್ಟುಕೊಳ್ಳಬಹುದು ಅನ್ನೋ ಉತ್ತರ ಬಂತು, ಮಾತು ಅಲ್ಲಿಗೇ ಮುಗೀತು. ತಾಯಿ ಹೆಸರು ಹೇಳಲಿಲ್ಲ, ಆ ಕಡೆಯವರು ಕೇಳಲಿಲ್ಲ. ಆ ತಾಯಿಯ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೀನಿ. ಅವರು ತಮಗೆ ತಿಳಿದದ್ದು ಮಾಡಿದರು. ಆ ಮಾತನ್ನು ಹಿಡಿದು ಮುಂದೆ ಹೋಗುವ ದಾರಿಯೇ ವ್ಯವಸ್ಥೆಯಲ್ಲಿರಲಿಲ್ಲ.

ಬಫಲೋದಲ್ಲಿ ಇನ್ನೊಂದು ಥರ. ದಾಳಿಗೆ ಒಂದು ವರ್ಷ ಮೊದಲು ಶಾಲೆಯಲ್ಲೇ ಆ ಹುಡುಗ ಕೊಲೆ ಮಾಡಿ ಸಾಯುವ ಮಾತು ಬರೆದಿದ್ದ, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಬಿಟ್ಟರು. ಅಪಾಯಕಾರಿ ಅಂತ ಕಂಡವರಿಂದ ನ್ಯಾಯಾಲಯದ ಆದೇಶದ ಮೂಲಕ ಸ್ವಲ್ಪ ಕಾಲ ಬಂದೂಕು ದೂರ ಇಡುವ ರೆಡ್ ಫ್ಲ್ಯಾಗ್ ಕಾನೂನು ನ್ಯೂಯಾರ್ಕ್‌ನಲ್ಲಿ ಇತ್ತು. ಯಾರೂ ಬಳಸಲಿಲ್ಲ.

ಶರಾವತಿ, ಮಿಲ್ವಾಕಿ

ವಿಜಯಾ ಅವರೇ, ನೇತ್ರಾವತಿ ಹೇಳಿದ್ದನ್ನು ಮೊದಲು ಮಾಡಿ. ಒಟ್ಟಿಗೆ ಊಟ ಮಾಡ್ತಾರೆ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಇಲ್ಲಿ ಆರ್ನೋ ಮೈಕಲಿಸ್ ಅಂತ ಒಬ್ಬರಿದ್ದಾರೆ. ಹಿಂದೆ ಜನಾಂಗ ದ್ವೇಷದ ಗುಂಪು ಕಟ್ಟಿದವರು, ಆ ಬ್ಯಾಂಡ್‌ಗಳಲ್ಲಿ ಹಾಡಿದವರು. ಆ ಕಾಲದಲ್ಲಿ ಒಂದು ಮೆಕ್‌ಡೊನಾಲ್ಡ್ಸ್ ಕೌಂಟರಿನಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸು ಅವರ ಬೆರಳ ಮೇಲಿನ ನಾಜಿ ಹಚ್ಚೆ ನೋಡಿ, ನೀನು ಇದಕ್ಕಿಂತ ಒಳ್ಳೆಯವನು ಅಂತ ಸಮಾಧಾನವಾಗಿ ಹೇಳಿದರಂತೆ. ಅವರು ಮತ್ತೆ ಆ ಅಂಗಡಿಗೆ ಹೋಗಲಾರದೆ ಹೋದರು. ಆದರೂ ಗುಂಪು ಬಿಡೋಕೆ ವರ್ಷಗಳೇ ಹಿಡಿದವು, ಮಗಳನ್ನು ಒಬ್ಬರೇ ಸಾಕುವ ಹೊಣೆ ಬಂದ ಮೇಲೆ. ಓಕ್ ಕ್ರೀಕ್ ಗುರುದ್ವಾರದ ಅಧ್ಯಕ್ಷರು ಸತ್ತವರಲ್ಲಿ ಒಬ್ಬರು. ಅವರ ಮಗ ಪರ್‌ದೀಪ್ ಕಾಲೇಕಾ ತಾವಾಗೇ ಆರ್ನೋ ಅವರನ್ನು ಹುಡುಕಿ ಭೇಟಿಯಾದರು. ಅಪ್ಪನನ್ನು ಯಾಕೆ ಕೊಂದ ಅಂತ ತಿಳಿಯಬೇಕಿತ್ತು ಅವರಿಗೆ. ಇಬ್ಬರೂ ಸೇರಿ ಇಲ್ಲಿನ ಶಾಲೆಗಳಿಗೆ ಹೋಗಿ ಮಾತಾಡಿದ್ದಾರೆ.

ಇಂಥ ಗುಂಪು ಬಿಟ್ಟು ಬರುವವರಿಗೆ, ಅವರ ಮನೆಯವರಿಗೆ ಸಹಾಯ ಮಾಡುವ ಲೈಫ್ ಆಫ್ಟರ್ ಹೇಟ್ ಅನ್ನೋ ಸಂಸ್ಥೆಯೂ ಇದೆ. ಆರ್ನೋ ಅದರ ಶುರುವಿನವರಲ್ಲಿ ಒಬ್ಬರು.

ಹೊಸಪೇಟೆ ಮಂಜು

ತಿಳಿಸಬೇಕು ಅಂತ ಹೇಳೋದು ಸುಲಭ. ತಿಳಿಸಿದವರ ಗತಿ ಏನಾಯ್ತು ಅಂತಲೂ ನೋಡಿ. ಟೆಕ್ಸಾಸ್‌ನ ಗೈ ರೆಫಿಟ್, 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನದ ಮೇಲೆ ಮಾಡಿದ ದಾಳಿಯಲ್ಲಿ ಇದ್ದವನು. ಅದಕ್ಕೂ ಮೊದಲೇ ಹದಿಹರೆಯದ ಮಗ ಎಫ್‌ಬಿಐಗೆ ಬರೆದಿದ್ದ, ಅಪ್ಪ ಏನೋ ದೊಡ್ಡದು ಮಾಡೋಕೆ ಹೊರಟಿದ್ದಾನೆ ಅಂತ. ಆವತ್ತಿನ ತನಕ ಯಾರೂ ಅವನನ್ನು ಮಾತಾಡಿಸಲಿಲ್ಲ. ಮನೆಗೆ ಬಂದ ಅಪ್ಪ, ದ್ರೋಹಿಗಳಿಗೆ ಗುಂಡೇ ಗತಿ ಅಂತ ಮಕ್ಕಳಿಗೇ ಹೇಳಿದ. ಮಗ ಕೋರ್ಟಿನಲ್ಲಿ ಅಪ್ಪನ ಎದುರು ಸಾಕ್ಷಿ ಹೇಳಿದ. ಏಳು ವರ್ಷ ಮೂರು ತಿಂಗಳು ಶಿಕ್ಷೆ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಆ ದಾಳಿಯ ಸುಮಾರು 1500 ಜನರಿಗೆ ಕ್ಷಮಾದಾನ ಕೊಟ್ಟಾಗ ಅಪ್ಪನೂ ಹೊರಬಂದ. ತನಗೆ ಭಯ ಆಗ್ತಿದೆ ಅಂತ ಮಗ ಬಹಿರಂಗವಾಗಿ ಹೇಳಿದ. ನಾನು ರಾಜಕೀಯವಾಗಿ ಬಲಗಡೆಯವನೇ. ಆದರೂ ಆ ಕ್ಷಮಾದಾನ ನನಗೆ ಸರಿ ಕಾಣಲಿಲ್ಲ. 140ರಷ್ಟು ಪೊಲೀಸರು ಗಾಯಗೊಂಡಿದ್ದರು ಆವತ್ತು.

ಕೋಲಾರದ ಮೇಷ್ಟ್ರು

ಮಂಜು ಅವರೇ, ನೀವು ಇದನ್ನು ಬರೆದದ್ದು ನನಗೆ ತುಂಬಾ ಸಂತೋಷ.

ತಿಳಿಸಿದವರ ಮಾತು ಬಂದರೆ ಡೇವಿಡ್ ಕಜಿನ್ಸ್ಕಿ. 1978ರಿಂದ 1995ರವರೆಗೆ ಅಂಚೆಯಲ್ಲಿ ಬಾಂಬ್ ಕಳಿಸಿ, ಕೆಲವನ್ನು ತಾನೇ ಇಟ್ಟು 3 ಜನರನ್ನು ಕೊಂದು 23 ಜನರನ್ನು ಗಾಯಗೊಳಿಸಿದ ಟೆಡ್ ಕಜಿನ್ಸ್ಕಿಯ ತಮ್ಮ. ಯಂತ್ರ ನಾಗರಿಕತೆಯ ವಿರುದ್ಧ ಟೆಡ್ ಬರೆದ ಉದ್ದನೆಯ ಪ್ರಣಾಳಿಕೆಯನ್ನು 1995ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿತು. ಇದು ನಿನ್ನ ಅಣ್ಣನೇ ಇರಬಹುದೇ ಅಂತ ಮೊದಲು ಕೇಳಿದ್ದು ಡೇವಿಡ್ ಅವರ ಹೆಂಡತಿ, ಭಾವನನ್ನು ಒಂದು ಸಲವೂ ನೋಡಿರದ ಹೆಂಗಸು. ಇಬ್ಬರೂ ಹಳೆಯ ಕಾಗದಗಳನ್ನು ತೆಗೆದು ಪಕ್ಕದಲ್ಲಿಟ್ಟು ಓದಿದರು. ಹೇಳಿದರೆ ಅಣ್ಣ ಗಲ್ಲಿಗೆ, ಹೇಳದಿದ್ದರೆ ಇನ್ಯಾರೋ ಸಾಯ್ತಾರೆ. ಹೇಳಿದರು. ಸರಕಾರ ಮರಣದಂಡನೆಯನ್ನೇ ಕೇಳಿತು. ಅದನ್ನು ತಪ್ಪಿಸಲು ಡೇವಿಡ್ ಹೋರಾಡಿದರು, ಕೊನೆಗೆ ಜೀವಾವಧಿ ಆಯಿತು. ಹತ್ತು ಲಕ್ಷ ಡಾಲರ್ ಬಹುಮಾನದಲ್ಲಿ ಖರ್ಚು ಕಳೆದು ಉಳಿದದ್ದನ್ನು ಸತ್ತವರ, ಗಾಯಗೊಂಡವರ ಕುಟುಂಬಗಳಿಗೆ ಕೊಟ್ಟರು. ಅಣ್ಣ 2023ರಲ್ಲಿ ಸಾಯುವ ತನಕ ತಮ್ಮನ ಕಾಗದಗಳಿಗೆ ಉತ್ತರ ಬರೆಯಲಿಲ್ಲ.

ವಕೀಲ ರಾಘು

ಇನ್ನೊಂದು ಮುಖವನ್ನೂ ಇಡಬೇಕಾಗುತ್ತೆ. 2001ರ ನಂತರ ನ್ಯೂಯಾರ್ಕ್ ಪೊಲೀಸರು ಮುಸ್ಲಿಮರ ಮಸೀದಿ, ಚಹಾದಂಗಡಿ, ವಿದ್ಯಾರ್ಥಿ ಸಂಘಗಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟರು. ಆ ಘಟಕವನ್ನು 2014ರಲ್ಲಿ ಮುಚ್ಚಿದರು. ಅಪಾಯ ಕಂಡರೆ ಹೇಳಿ ಅನ್ನೋದು ನಮ್ಮಂಥ ಮುಖ ಕಂಡರೆ ಹೇಳಿ ಅಂತ ಆಗಿಬಿಡೋಕೆ ಹೆಚ್ಚು ಹೊತ್ತು ಬೇಡ. ವಿಜಯಾ ಅವರೇ, ನಿಮ್ಮ ಹುಡುಗ ನೋಡಿದ್ದು, ಕೇಳಿದ್ದು, ತಾರೀಕು ಇಷ್ಟನ್ನೇ ಬರೆದಿಟ್ಟುಕೊಳ್ಳಲಿ. ಊಹೆ ಸೇರಿಸದಿರಲಿ. ಸಾಕ್ಷಿಯಾಗಿ ಮಾಹಿತಿ ಕೊಟ್ಟದ್ದಕ್ಕೆ ವಿದ್ಯಾರ್ಥಿ ವೀಸಾ ರದ್ದು ಮಾಡುವ ನಿಯಮ ಇಲ್ಲ. ಆದರೂ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಲಿ.

ವಿಜಯಾ, ದಾವಣಗೆರೆ

ತುಂಬಾ ಉಪಕಾರ ಆಯ್ತು. ಈಗಷ್ಟೇ ಮಾತಾಡಿದೆ. ಈ ರಾತ್ರಿ ಅವನ ಸೀನಿಯರ್ ಒಬ್ಬರ ಮನೆಗೆ ಹೋಗ್ತಾನೆ, ನಾಳೆ ಬೆಳಿಗ್ಗೆ ಕ್ಯಾಂಪಸ್‌ನಲ್ಲಿ ಆ ತಂಡದವರ ಹತ್ತಿರ ಹೋಗ್ತೀನಿ ಅಂದಿದ್ದಾನೆ. ನೇತ್ರಾವತಿ ಅವರೇ, ನೀವು ಹೇಳಿದ ಆ ರೆಡ್ ಫ್ಲ್ಯಾಗ್ ಕಾನೂನು ಟೆಕ್ಸಾಸ್‌ನಲ್ಲಿ ಇದೆಯಾ?

ನೇತ್ರಾವತಿ, ಒಕ್ಲಹೋಮಾ

ಇಲ್ಲ. ಎಲ್ ಪಾಸೋ ಆದ ಮೇಲೂ ಬರಲಿಲ್ಲ, 2025ರಲ್ಲಿ ಅಂಥ ಆದೇಶಗಳಿಗೆ ಮಾನ್ಯತೆ ಇಲ್ಲ ಅನ್ನೋ ಕಾನೂನನ್ನೇ ಮಾಡಿದರು. ಅಂಥ ನಿಷೇಧವನ್ನು ದೇಶದಲ್ಲೇ ಮೊದಲು ತಂದದ್ದು ನಮ್ಮ ಒಕ್ಲಹೋಮಾ, 2020ರಲ್ಲಿ. ಮೆಕ್‌ವೇ ಬಳಸಿದ್ದು ಬಂದೂಕಲ್ಲ ನಿಜ. ಆದರೂ 168 ಕುರ್ಚಿ ಇಟ್ಟುಕೊಂಡ ರಾಜ್ಯ, ಮೊದಲೇ ಗೊತ್ತಾದ ಒಬ್ಬ ತಾಯಿಗೋ ಗೆಳೆಯನಿಗೋ ಕೋರ್ಟಿನ ಬಾಗಿಲು ತಟ್ಟುವ ದಾರಿಯನ್ನೇ ಮುಚ್ಚಿದ್ದನ್ನು ನನ್ನಿಂದ ಒಪ್ಪೋಕಾಗಲ್ಲ. ಇಲ್ಲಿನ ಅಧಿವೇಶನ ಫೆಬ್ರವರಿಯ ಮೊದಲ ಸೋಮವಾರ ಶುರುವಾಗುತ್ತೆ. ನಮ್ಮ ಕ್ಷೇತ್ರದ ರಾಜ್ಯ ಸೆನೆಟರ್‌ಗೆ ಬರೆಯೋ ಪತ್ರದ ಕರಡು ಮಾಡಿದ್ದೀನಿ, ರಾಘು ಅವರು ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯದು. ಟೆಕ್ಸಾಸ್‌ನಲ್ಲಿ ಮತ ಹಾಕುವ ಕನ್ನಡಿಗರು ಇಲ್ಲಿದ್ದರೆ ಕೈ ಎತ್ತಿ, ನಿಮ್ಮ ಕಡೆಗೂ ಅದನ್ನೇ ಹೊಂದಿಸಿ ಬರೆಯೋಣ.